ತುಂಬುತೋಳಿನ ಅಂಗಿ

ಮುದ್ರೆ ಹಾಕಿಸಿಕೊಳ್ಳುವವರ ಸಾಲು ಮಠದ ಬಾಗಿಲು ದಾಟಿ ಬೀದಿಗೆ ಇಳಿದಿತ್ತು. ಒದ್ದೆ ಧೋತರ ಉಟ್ಟು, ಬರಿಮೈಯಲ್ಲಿ, ಎದೆಯ ಮೇಲೆ ಕೈಕಟ್ಟಿ ನಿಂತ ರಘೋತ್ತಮನಿಗೆ ಆ ಹೊತ್ತಿನಲ್ಲಿ ದೇವರಿಗಿಂತ ಸೈಕಲ್ಲುಗಳ ಮೇಲೆ ಹೆಚ್ಚು ಗಮನವಿತ್ತು. ಗಂಟೆಯ ಸದ್ದಾದಾಗಲೆಲ್ಲ ಮುಖವನ್ನು ಗೋಡೆಯ ಕಡೆ ಹೊರಳಿಸುತ್ತಿದ್ದ. ಬೈಲಹೊಂಗಲದಂಥ ಊರಿನಲ್ಲಿ ಹನ್ನೊಂದು ವರ್ಷ ಕಾಲೇಜಿನಲ್ಲಿ ಇತಿಹಾಸ ಕಲಿಸಿದವನಿಗೆ ಸೈಕಲ್ ಮೇಲೆ ಹೋಗುವವರಲ್ಲಿ ಅರ್ಧ ಜನ ಹಳೆಯ ವಿದ್ಯಾರ್ಥಿಗಳು, ಉಳಿದರ್ಧ ಈಗಿನವರು. ಆಷಾಢ ಏಕಾದಶಿಯ ದಿನ ಸ್ವಾಮಿಗಳು ಶಂಖ ಚಕ್ರಗಳ ಲೋಹದ ಅಚ್ಚನ್ನು ಹೋಮದ ಬೆಂಕಿಯಲ್ಲಿ ಕಾಯಿಸಿ ತೋಳಿನ ಮೇಲೆ ಒತ್ತುತ್ತಾರೆ. ವರ್ಷದ ಪಾಪವೆಲ್ಲ ಅಲ್ಲಿಗೆ ಸುಟ್ಟುಹೋಗುತ್ತದೆ ಎಂಬುದು ತಾಯಿ ರಾಧಾಬಾಯಿಯ ನಂಬಿಕೆ, ತಾಯಿಯ ಮನಸ್ಸು ನೋಯಿಸಬಾರದು ಎಂಬುದು ರಘೋತ್ತಮನ ನೆಪ. ಹಾಗೆ ನೋಡಿದರೆ ಇದರಲ್ಲಿ ನಾಚಿಕೊಳ್ಳುವಂಥದ್ದೇನೂ ಇರಲಿಲ್ಲ, ಪಠ್ಯಕ್ರಮ ಅಡ್ಡ ಬರದಿದ್ದರೆ. ಕಾಲೇಜು ಜೂನ್ ಇಪ್ಪತ್ತಕ್ಕೆ ಸುರುವಾಗುತ್ತದೆ. ಯುರೋಪಿನ ಪುನರುಜ್ಜೀವನಕ್ಕೆ ಮೂರು ವಾರ ಹಿಡಿಯುತ್ತದೆ. ಅದು ಮುಗಿಯಿತೆನ್ನುವಷ್ಟರಲ್ಲಿ ಮಾರ್ಟಿನ್ ಲೂಥರ್ ಬರುತ್ತಾನೆ, ಹೆಚ್ಚುಕಡಿಮೆ ಅದೇ ವಾರ ಏಕಾದಶಿಯೂ ಬರುತ್ತದೆ. ಪಾಪಕ್ಕೆ ಪರಿಹಾರ ಮಾರುವ ಪುರೋಹಿತರನ್ನು ರಘೋತ್ತಮ ಪ್ರತಿ ವರ್ಷ ಝಾಡಿಸುವುದು ತೋಳಿನ ಸುಟ್ಟ ಗಾಯ ಇನ್ನೂ ಚುರುಗುಡುತ್ತಿರುವಾಗಲೇ. ಆ ಹತ್ತು ದಿನ ಅವನು ತುಂಬುತೋಳಿನ ಅಂಗಿ ಹಾಕುತ್ತಿದ್ದ. ವರ್ಷವಿಡೀ ಅರ್ಧ ತೋಳಿನವನು ಒಮ್ಮೆಲೇ ಹೀಗೆ ಬಂದರೆ ಹುಡುಗರು, "ಇವತ್ತ ಲೂಥರ್ ಬಂದನಲೇ" ಎಂದು ಪೆನ್ನು ತೆಗೆಯುತ್ತಿದ್ದರು. ಮಹಾಪುರುಷನ ಮೇಲಿನ ಗೌರವಕ್ಕೆ ಸರ್ ಹಾಗೆ ಬರುತ್ತಾರೆಂದು ಅವರು ತಿಳಿದಿದ್ದರು. ರಘೋತ್ತಮನೂ ಅವರ ತಿಳುವಳಿಕೆಯನ್ನು ತಿದ್ದಲು ಹೋಗಿರಲಿಲ್ಲ.

ಅವನ ಲೂಥರ್ ಊರಿಗೆಲ್ಲ ಪ್ರಸಿದ್ಧನಾಗಿದ್ದ. ಪ್ಲೇಟೋ ನೆಪೋಲಿಯನ್ನರೆಲ್ಲ ನೋಟ್ಸಿನಲ್ಲಿ ಸಪ್ಪಗೆ ಬಿದ್ದುಕೊಂಡಿದ್ದರೆ ಲೂಥರ್ ಮಾತ್ರ ಎದ್ದು ನಿಲ್ಲುತ್ತಿದ್ದ. ರಘೋತ್ತಮ ಕುರ್ಚಿ ಬಿಟ್ಟು ಕಿಟಕಿಯ ಹತ್ತಿರ ಹೋಗಿ, ಬೆನ್ನ ಹಿಂದೆ ಕೈಕಟ್ಟಿ, ಹೇಳಿ ಬರೆಸುತ್ತಿದ್ದ: ಮನುಷ್ಯನಿಗೂ ದೇವರಿಗೂ ನಡುವೆ ಮೂರನೆಯವನು ಬೇಕಾಗಿಲ್ಲ, ಪೂರ್ಣವಿರಾಮ. ಕ್ಷಮೆಯನ್ನು ಕಾಗದದ ಮೇಲೆ ಬರೆದು ಕೊಡಲು ಬರುವುದಿಲ್ಲ, ಪೂರ್ಣವಿರಾಮ. ಚಮ್ಮಾರನ ಕಸುಬು ಪಾದ್ರಿಯ ಕಸುಬಿಗಿಂತ ಕೀಳಲ್ಲ, ಪೂರ್ಣವಿರಾಮ. ಶಾಸ್ತ್ರ ಜನರ ಭಾಷೆಗೆ ಬಂತು, ಊರೂರಿಗೆ ಶಾಲೆಗಳು ತೆರೆದವು, ಸನ್ಯಾಸಿಗಳು ಮದುವೆಯಾದರು, ಮುಂದಿನ ಪ್ಯಾರಾ. ಅಂಗೈಯಲ್ಲಿ ಲಿಂಗ ಹಿಡಿದು ತಾವೇ ಪೂಜೆ ಮಾಡಿಕೊಳ್ಳುವ ಮನೆಗಳಿಂದ ಬಂದ ಹುಡುಗರು, ಇದರಲ್ಲೇನು ಹೊಸದು ಎನ್ನುವಂತೆ ತಲೆಯಾಡಿಸಿ ಬರೆದುಕೊಳ್ಳುತ್ತಿದ್ದರು. ಕಡೆಯ ವಾಕ್ಯ ಬರುವಾಗ ಮಾತ್ರ ರಘೋತ್ತಮನ ದನಿ ತಾನಾಗಿಯೇ ತಗ್ಗುತ್ತಿತ್ತು. ಚಕ್ರವರ್ತಿಯ ಸಭೆಯಲ್ಲಿ, ಪ್ರಾಣದ ಭಯವಿದ್ದಾಗಲೂ, ಲೂಥರನು ಬರೆದದ್ದು ನನ್ನದೇ ಎಂದು ಒಪ್ಪಿ ನಿಂತನು, ಆತ್ಮಸಾಕ್ಷಿಗೆ ವಿರುದ್ಧವಾಗಿ ಒಂದು ಶಬ್ದವನ್ನೂ ಆಡಲಿಲ್ಲ. ಪೂರ್ಣವಿರಾಮ. ಅದೇ ಲೂಥರ್ ಮುಂದೆ ರೈತರು ದಂಗೆಯೆದ್ದಾಗ ದೊರೆಗಳ ಪಕ್ಷ ಹಿಡಿದ ಎಂಬುದು ರಘೋತ್ತಮನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಅದು ಪರೀಕ್ಷೆಗೆ ಬರುವುದಿಲ್ಲ ಎಂದು ಬಿಟ್ಟಿದ್ದ. ಈ ಏಪ್ರಿಲ್ ತಿಂಗಳಿಂದ ಆ ರೈತರ ಸಂಗತಿ ಆಗಾಗ ನೆನಪಾಗಿ, ಅಷ್ಟು ದೊಡ್ಡ ಮನುಷ್ಯನೂ ಒಮ್ಮೆ ಜಾರಿದನಲ್ಲ ಎಂದು ಮನಸ್ಸಿಗೆ ಒಂದು ಥರದ ಹಿತ ಕೊಡುತ್ತಿತ್ತು. ಹಿತವಾದದ್ದಕ್ಕೆ ಮತ್ತೆ ನಾಚಿಕೆಯಾಗುತ್ತಿತ್ತು.

"ರಘೂ, ಮುಂದ ಸರಿಯೋ. ಅಲ್ಲೇ ಗ್ವಾಡಿ ನೋಡ್ಕೋತ ನಿಂತ್ರ ನಡುವ ಯಾರರ ಹೊಗತಾರ," ಎಂದು ಹೆಂಗಸರ ಸಾಲಿನಿಂದ ರಾಧಾಬಾಯಿ ಕೂಗಿದಳು. ಎಪ್ಪತ್ತು ದಾಟಿದ ಮುದುಕಿ, ಬೆಳಗಿನಿಂದ ಹನಿ ನೀರು ಕುಡಿದಿಲ್ಲ, ದನಿಗೆ ಮಾತ್ರ ಉಪವಾಸವಿಲ್ಲ. ರಘೋತ್ತಮ ಮುಂದೆ ಸರಿದ. ಹೊಗೆಯೊಳಗೆ ಯಾವುದೋ ಕೂಸು ಕಿಟಾರನೆ ಚೀರಿತು. ಆ ಹೊಗೆಯಲ್ಲಿ ಪರೀಕ್ಷೆಯ ಹಾಲಿನ ತಗಡಿನ ಮಾಡು ಮತ್ತೆ ಕಣ್ಣಮುಂದೆ ಬಂತು, ದಿನಕ್ಕೆ ನಾಲ್ಕು ಸಲ ಬರುವ ಹಾಗೆ. ಏಪ್ರಿಲ್ ಹನ್ನೆರಡು, ಮಧ್ಯಾಹ್ನ. ಇತಿಹಾಸದ ಪೇಪರಿಗೆ ಇತಿಹಾಸದವನು ಮೇಲ್ವಿಚಾರಕನಾಗಿ ನಿಲ್ಲಬಾರದು, ಆದರೆ ನಿಲ್ಲಬೇಕಾದವನು ರಾಮದುರ್ಗಕ್ಕೆ ಮದುವೆಗೆ ಹೋಗಿದ್ದ. ನಿಂತದ್ದು ತಪ್ಪಲ್ಲ. ತಪ್ಪು ಬೇರೆ. ತಾನು ಬರುತ್ತದೆಂದು ಹೇಳಿದ ಪ್ರಶ್ನೆಯೇ ಬಂದಿದೆಯೇ, ತನ್ನ ಹಾಳೆಯಲ್ಲಿದ್ದದ್ದಕ್ಕೆ ಅಕ್ಷರಶಃ ಕೂಡುತ್ತದೆಯೇ ಎಂದು ನೋಡಿ ಖುಷಿಪಡುವ ಚಪಲಕ್ಕೆ ಲೂಥರ್ ನೋಟ್ಸಿನ ಕಡೆಯ ಹಾಳೆಯನ್ನು ಮಡಿಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದ. ಪ್ರಶ್ನೆ ಬಂದಿತ್ತು. ಖುಷಿಯೂ ಆಗಿತ್ತು. ಬೆವರು ಒರೆಸಲು ಕರವಸ್ತ್ರ ಎಳೆದಾಗ ಹಾಳೆಯೂ ಜೊತೆಗೆ ಬಂದು ನಿಜಗುಣಪ್ಪನ ಬೆಂಚಿನ ಹತ್ತಿರ ಬಿತ್ತು. ನಿಜಗುಣಪ್ಪ ಮನೋಳಿಯ ಒಕ್ಕಲುತನದ ಮನೆಯವನು, ಇಪ್ಪತ್ತೊಂದು ವರ್ಷದವನು, ಲೂಥರನ ಪಾಠದಲ್ಲಿ ಎಲ್ಲರಿಗಿಂತ ಮೊದಲು ಪೆನ್ನು ತೆಗೆಯುವವನು. ಬಗ್ಗಿ ಹಾಳೆ ಎತ್ತಿ, ಸರ್ ತೊಂದರೆಗೆ ಬೀಳಬಾರದೆಂದು ಬೇಗ ಬೇಗ ಕೈ ಚಾಚಿ, "ಸರ…" ಎಂದ. ಅಷ್ಟರಲ್ಲಿ ತಪಾಸಣೆಯ ತಂಡದವರು ಬಾಗಿಲಲ್ಲಿ ನಿಂತಿದ್ದರು.

"ಯಾರ ಬರಹ ಇದು?" ಎಂದು ತಂಡದ ಮುಖ್ಯಸ್ಥ ಕೇಳಿದ. "ಬರಹ ನಂದು. ವರ್ಗದಾಗ ಹೇಳಿ ಬರಿಸೋ ನೋಟ್ಸು," ಎಂದ ರಘೋತ್ತಮ. ಸುಳ್ಳಲ್ಲ. "ಮತ್ತ ಇವನ ಕೈಯಾಗ ಹೆಂಗ ಬಂತು?" ಈ ಪ್ರಶ್ನೆಗೆ ರಘೋತ್ತಮ ಏನೂ ಹೇಳಲಿಲ್ಲ. ಅಷ್ಟೇ ಅವನು ಮಾಡಿದ್ದು. ಏನೂ ಹೇಳದೆ ಎಷ್ಟು ಹೊತ್ತು ನಿಂತಿದ್ದ ಎಂದು ಆಮೇಲೆ ಲೆಕ್ಕ ಹಾಕಲು ನೋಡಿದ್ದಾನೆ. ಮೂರು ಉಸಿರಿಗಿಂತ ಹೆಚ್ಚಿರಲಿಕ್ಕಿಲ್ಲ. ಉಳಿದದ್ದನ್ನು ತಂಡದವರೇ ಪೂರ್ತಿ ಮಾಡಿಕೊಂಡರು. ಸರ್ ಟೇಬಲ್ಲಿನಿಂದ ಕದ್ದಿದ್ದಾನೆ, ಎರಡು ವರ್ಷ ಪರೀಕ್ಷೆಗೆ ಕೂಡುವಂತಿಲ್ಲ. ನಿಜಗುಣಪ್ಪ ಸಿಟ್ಟಾಗಲಿಲ್ಲ, ಅಳಲಿಲ್ಲ. ಪೆನ್ನು ಕೈಯಲ್ಲಿ ಹಿಡಿದೇ ರಘೋತ್ತಮನನ್ನು ನೋಡಿದ. ವರ್ಗದಲ್ಲಿ ಮುಂದಿನ ವಾಕ್ಯಕ್ಕೆ ಕಾಯುವಾಗ ನೋಡುತ್ತಿದ್ದನಲ್ಲ, ಹಾಗೆ.

ಬಾಯಿಬಿಟ್ಟರೆ ಏನಾಗುತ್ತದೆ ಎಂದು ರಘೋತ್ತಮನಿಗೆ ಚೆನ್ನಾಗಿ ಗೊತ್ತಿತ್ತು. ಪರೀಕ್ಷಾ ಕೆಲಸದಿಂದ ಹೆಸರು ಹೋಗುತ್ತದೆ, ವಿಚಾರಣೆ ಆಗುತ್ತದೆ, ಈ ವರ್ಷ ಕೈಗೆ ಬರಲಿರುವ ವಿಭಾಗ ಮುಖ್ಯಸ್ಥನ ಹುದ್ದೆ ಕೈತಪ್ಪುತ್ತದೆ. ನೌಕರಿಗೇ ಕುತ್ತು ಬಂದರೂ ಬಂತು. ಆದರೂ ಮೇ ತಿಂಗಳಲ್ಲಿ ಒಂದು ದಿನ ಧೈರ್ಯ ಮಾಡಿ, ವಿಶ್ವವಿದ್ಯಾಲಯಕ್ಕೆ ಹೋಗಿ ಹೇಳಿಯೇ ಬಿಡುತ್ತೇನೆಂದು ಧಾರವಾಡದ ಬಸ್ಸು ಹತ್ತಿದ್ದ. ಪಕ್ಕದಲ್ಲಿ ಮಿಶನ್ ಚರ್ಚಿನ ನಿವೃತ್ತ ಪಾದ್ರಿಯೊಬ್ಬರು ಕೂತಿದ್ದರು, ಬಿಳಿ ಧೋತರ, ಕರಿ ಕೋಟು, ಮಡಿಲಲ್ಲಿ ಬದನೆಕಾಯಿಯ ಚೀಲ. ಬ್ರಾಹ್ಮಣರ ಮಾಸ್ತರೊಬ್ಬ ಲೂಥರನನ್ನು ಕಲಿಸುತ್ತಾನೆಂದು ಕೇಳಿ ಅವರಿಗೆ ಪರಮ ಸಂತೋಷವಾಯಿತು. "ನೀವು ಭಾಳ ಛಲೋ ಕಲಸತೀರಿ ಬಿಡ್ರಿ. ನಮ್ಮ ಮಂದಿಗೆ ಹೇಳೋವ್ರಿಲ್ಲ. ಲೂಥರ್ ದನಿ ಎತ್ತಿ ನಾಕನೂರಾ ಐವತ್ತು ವರ್ಷ ಆತು, ನಮ್ಮ ಚರ್ಚಿನ್ಯಾಗ ಮೊದಲನೇ ಬಾಕಿನ ಮ್ಯಾಲೆ ಯಾರು ಕೂಡ್ರಬೇಕು ಅನ್ನೋ ಜಗಳ ಇನ್ನೂ ಹರದಿಲ್ಲ. ಲಗ್ನದ ಮಾತು ಬಂತಂದ್ರ ಹಳೀ ಜಾತಿ ಕೇಳತಾರ್ರಿ," ಎಂದು ನಕ್ಕರು. ಆಮೇಲೆ ಬದನೆಕಾಯಿಯ ಚೀಲ ಸರಿಮಾಡಿಕೊಳ್ಳುತ್ತ, "ಕ್ಷಮಾ ಪುಕ್ಕಟ ಅದರಿ ಸರ್. ನನ್ನ ತಪ್ಪು ಅಂತ ಬಾಯಿಬಿಟ್ಟು ಅನ್ನೋದು ಒಂದಽ ಕೆಲಸ. ಅಷ್ಟಕ್ಕಽ ಜನ ಹೆದರತಾರ. ಇರಲಿ, ನಿಮ್ಮದೇನು ಕೆಲಸ ಧಾರವಾಡದಾಗ?" ಎಂದು ಕೇಳಿದರು. ರಘೋತ್ತಮ, "ಏನಿಲ್ರಿ, ಕೊಡಿ ರಿಪೇರಿ ಮಾಡಿಸೋದದ," ಎಂದ. ಹೇಳಿದ ಮೇಲೆ ಇನ್ನೇನು, ಕೈಯಲ್ಲಿದ್ದ ಕೊಡೆಯನ್ನು ರಿಪೇರಿ ಮಾಡಿಸಿಕೊಂಡು ಸಂಜೆಯ ಬಸ್ಸಿಗೆ ವಾಪಸು ಬಂದ.

"ಸರಕೊಳ್ರಿ, ಸರಕೊಳ್ರಿ, ಮುದ್ರಿ ಆರತದ," ಎಂದು ಮಠದ ಪರಿಚಾರಕ ಅವನನ್ನು ಭುಜ ಹಿಡಿದು ಮುಂದೆ ದಬ್ಬಿದ. ಸ್ವಾಮಿಗಳ ಕಣ್ಣುಗಳು ಹೊಗೆಗೆ ಕೆಂಪಾಗಿ ನೀರಾಡುತ್ತಿದ್ದವು. ಇವರು ಒಂದು ಮಾತು ಕೇಳಲಿ ಎಂದು ರಘೋತ್ತಮ ಆಸೆಪಟ್ಟ. ಏನಪ್ಪಾ, ಏನು ಮಾಡಿದ್ದೀ ಎಂದು ಅಂದರೆ ಸಾಕು, ಇಲ್ಲಿಯೇ, ಈ ಜನರ ನಡುವೆಯೇ ಹೇಳಿಬಿಡುತ್ತೇನೆ ಎಂದು ಅವನಿಗೆ ಖರೆಯೇ ಅನಿಸಿತು. ಯಾರೂ ಏನೂ ಕೇಳಲಿಲ್ಲ. ಬಲತೋಳಿಗೆ ಚಕ್ರ ಬಿತ್ತು, ಎಡತೋಳಿಗೆ ಶಂಖ ಬಿತ್ತು, ಚರ್ಮ ಸುಟ್ಟ ವಾಸನೆ ಮೂಗಿಗೆ ಬರುವ ಮೊದಲೇ ಪರಿಚಾರಕ ಅವನನ್ನು ಆಚೆ ಸರಿಸಿದ್ದ. ಕೇಳಿದ್ದರೆ ಹೇಳುತ್ತಿದ್ದೆ ಎಂದುಕೊಂಡು ರಘೋತ್ತಮ ಹೊರಗೆ ಬಂದ. ಏಪ್ರಿಲ್ಲಿನಲ್ಲಿ ಕೇಳಿದ್ದರು ಎಂಬುದು ಮಠದ ಮೆಟ್ಟಿಲಿಳಿಯುವಾಗ ನೆನಪಾಯಿತು.

ಹಿತ್ತಿಲ ಬಾಗಿಲಿನಿಂದ ಮನೆಯೊಳಗೆ ಬಂದ ರಘೋತ್ತಮನ ತೋಳಿಗೆ ಹೆಂಡತಿ ಸುಂದರಾಬಾಯಿ ಗೋಪಿಚಂದನ ಹಚ್ಚುತ್ತ, "ಹೊರಗ ಕಟ್ಟಿ ಮ್ಯಾಲೆ ನಿಮ್ಮ ಹುಡುಗ ಒಬ್ಬಾಂವ ಕೂತಾನ್ರಿ. ಒಳಗ ಬಾ ಅಂದ್ರ ಒಲ್ಲೆ ಅಂದ. ನೀರಷ್ಟ ಕುಡದ," ಎಂದಳು. ರಘೋತ್ತಮ ಕಿಟಕಿಯಿಂದ ನೋಡಿದ. ಕಟ್ಟೆಯ ಮೇಲೆ ಮೊಳಕಾಲು ಕೂಡಿಸಿಕೊಂಡು, ಅವುಗಳ ಮೇಲೆ ಒಂದು ಕಾಗದದ ಲಕೋಟೆ ಇಟ್ಟುಕೊಂಡು ನಿಜಗುಣಪ್ಪ ಕೂತಿದ್ದ. ರಘೋತ್ತಮನ ಮೊದಲ ವಿಚಾರ ಅಂಗಿಯದು. ಟ್ರಂಕಿನಿಂದ ತುಂಬುತೋಳಿನ ಅಂಗಿ ತೆಗೆದು, ಉರಿಯುವ ತೋಳುಗಳನ್ನು ಹಲ್ಲುಕಚ್ಚಿ ಅದರೊಳಗೆ ತೂರಿಸಿ, ಮುಂಗೈ ಗುಂಡಿ ಹಾಕಿಕೊಂಡು ಹೊರಗೆ ಬಂದ.

"ಯಾವಾಗ ಬಂದಿ?"

"ಮುಂಜಾನಿ ಎಂಟರ ಮೋಟರಿಗ್ರಿ. ಮಠದ ಮುಂದ ಹಾದ ಬಂದೆರಿ ಸರ. ನೀವು ಸಾಲಿನ್ಯಾಗ ನಿಂತಿದ್ರಿ. ಅಂಥಾದ್ರಾಗ ಮಾತಾಡಸಬಾರದಂತ ಸುಮ್ನ ಇತ್ತ ಬಂದೆ." ಅವನು ಕಟ್ಟೆಯಿಂದ ಇಳಿದು ನಿಂತಿದ್ದ. "ತೋಳ ಭಾಳ ಉರೀತಾವೇನ್ರಿ? ನಮ್ಮಲ್ಲಿ ಸುಟ್ಟ ಗಾಯಕ್ಕ ಬೆಣ್ಣಿ ಹಚ್ಚತಾರ್ರಿ."

ಸೈಕಲ್ಲುಗಳಿಗೆ ಬೆನ್ನು ತೋರಿಸಿದ್ದೆಲ್ಲ ವ್ಯರ್ಥವಾಯಿತು. ರಘೋತ್ತಮನಿಗೆ ಅಳು ಬರುವಷ್ಟು ನಾಚಿಕೆಯಾಯಿತು, ಅದಕ್ಕೇ ದನಿ ಬಿಗಿಯಾಯಿತು. "ಕೆಲಸ ಏನು ಹೇಳು," ಎಂದ.

ನಿಜಗುಣಪ್ಪ ಹೇಳಿದ. ಎರಡು ವರ್ಷ ಅಂದರೆ ಅಪ್ಪ ವೀರಪ್ಪ ಇನ್ನು ಓದಿಸುವುದಿಲ್ಲ, ಹೊಲಕ್ಕೆ ಬಾ ಎಂದಿದ್ದಾನೆ. ಮನೋಳಿಯ ಅವರ ಮನೆತನದಲ್ಲಿ ಬಿ.ಎ. ಅಂತ ಓದಿದವರು ಯಾರೂ ಇಲ್ಲ. ಪ್ರಿನ್ಸಿಪಾಲರು ಒಂದು ದಾರಿ ತೋರಿಸಿದ್ದಾರೆ. ಹಾಳೆ ಕದ್ದದ್ದು ಹೌದು ಎಂದು ಅವನು ಬರೆದುಕೊಡಬೇಕು, ಅವನನ್ನು ಕ್ಷಮಿಸಿದ್ದೇನೆ ಎಂದು ಸರ್ ಬರೆದುಕೊಡಬೇಕು. ಎರಡೂ ಕಾಗದ ಇವತ್ತು ಸಂಜೆಯೊಳಗೆ ಮುಟ್ಟಿದರೆ ಶಿಕ್ಷೆ ಕಡಿಮೆಯಾಗುತ್ತದೆ, ಅಕ್ಟೋಬರಿನಲ್ಲಿ ಕೂಡಬಹುದು, ನಾಳೆಯಿಂದ ವರ್ಗಕ್ಕೂ ಬರಬಹುದು. "ನಂದು ಬರದ ತಂದೇನ್ರಿ," ಎಂದು ಲಕೋಟೆಯಿಂದ ಕಾಗದ ತೆಗೆದು ಕೊಟ್ಟ.

ಸದರ ಹಾಳೆಯನ್ನು ನಾನು ಗುರುಗಳಿಗೆ ತಿಳಿಯದಂತೆ ಅವರ ಟೇಬಲ್ಲಿನಿಂದ ತೆಗೆದುಕೊಂಡದ್ದು ನಿಜವಿರುತ್ತದೆ. ಒಂದೂ ತಪ್ಪಿರಲಿಲ್ಲ. ಅಕ್ಷರ ಕೂಡ ಎರಡು ವರ್ಷ ನೋಟ್ಸು ತೆಗೆದು ತೆಗೆದು ರಘೋತ್ತಮನ ಅಕ್ಷರದ ಹಾಗೆಯೇ ಆಗಿತ್ತು. ಒಂದು ಗಳಿಗೆ ಇದನ್ನು ತಾನೇ ಯಾವಾಗಲೋ ಬರೆದಂತೆ ಕಂಡಿತು.

"ಇದು ಹಿಂಗ ಆಗಿಲ್ಲಲ್ಲೋ, ನಿಜಗುಣಪ್ಪ."

"ಆಗಿಲ್ಲರಿ."

"ಮತ್ತ ಹಿಂಗ ಯಾಕ ಬರದಿ?"

"ಬ್ಯಾರೆ ಹ್ಯಾಂಗ ಬರೀಬೇಕ್ರಿ ಸರ?" ಎಂದ ನಿಜಗುಣಪ್ಪ. ಚುಚ್ಚಿ ಕೇಳಿದ್ದಲ್ಲ. ಸರ್ ಹೇಳಿದರೆ ಹಾಗೆ ಬರೆಯುತ್ತಿದ್ದ, ಅದಕ್ಕೆ ಪೆನ್ನೂ ತಂದಿದ್ದ.

ರಘೋತ್ತಮ ಒಳಗೆ ಹೋಗಿ ಮೇಜಿನ ಮುಂದೆ ಕೂತ. ಪ್ಯಾಡಿನಿಂದ ಹಾಳೆ ಕಿತ್ತ. ತಾರೀಖು ಹಾಕಿದ, ೧೧-೭-೧೯೭೩. ಆಮೇಲೆ, ಹೇಗೆ ಎಂದು ಅವನಿಗೇ ತಿಳಿಯದಂತೆ, ಕೈ ಬರೆಯಿತು: ಆ ಹಾಳೆ ನನ್ನ ಜೇಬಿನಿಂದ ಬಿದ್ದದ್ದು. ಹುಡುಗ ಅದನ್ನು ನನಗೆ ಕೊಡಲು ಎತ್ತಿಕೊಂಡ. ಎರಡು ವಾಕ್ಯ. ಮೂರು ತಿಂಗಳು ಹೊಟ್ಟೆಯಲ್ಲಿ ಕಲ್ಲಿನಂತೆ ಕೂತಿದ್ದದ್ದು ಎರಡು ವಾಕ್ಯಕ್ಕಿಂತ ದೊಡ್ಡದಿರಲಿಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು, ಸಂತೋಷವಾಯಿತು, ತೋಳಿನ ಉರಿ ಕೂಡ ಮರೆತುಹೋಯಿತು. ಸಹಿ ಒಂದು ಉಳಿದಿತ್ತು. ಪೆನ್ನು ಕೆಳಗೆ ಬರುವಷ್ಟರಲ್ಲಿ ಒಳಗಿನ ಕೋಣೆಯಲ್ಲಿ ರಾಧಾಬಾಯಿ ಪಕ್ಕದ ಮನೆಯ ಗಂಗೂಬಾಯಿಗೆ ಹೇಳುವುದು ಕೇಳಿಸಿತು: "ಶ್ರಾವಣದೊಳಗ ನಮ್ಮ ರಘೂಗ ದೊಡ್ಡ ಹುದ್ದಾ ಬರತದಂತ. ಸ್ವಾಮಿಗೋಳು ಮುದ್ರಿ ಹಾಕಿದ್ರಲ್ಲ, ಇನ್ನ ಏನ ವಿಘ್ನ ಇದ್ರೂ ಹೋತಂತನಽ ತಿಳೀರಿ." ಪೆನ್ನು ನಿಂತಿತು. ನಿಂತ ಪೆನ್ನಿನ ತುದಿಯಲ್ಲಿ ವಿಚಾರಗಳು ಒಂದೊಂದಾಗಿ ಬಂದು ಕೂತವು, ಎಲ್ಲವೂ ಬಲು ವಿದ್ವತ್ಪೂರ್ಣವಾಗಿದ್ದವು. ಪಾಪ ಬೆಳಿಗ್ಗೆಯೇ ಸುಟ್ಟುಹೋಗಿದೆಯೆಂದ ಮೇಲೆ ಅದರ ಬೂದಿಯನ್ನು ವಿಶ್ವವಿದ್ಯಾಲಯಕ್ಕೆ ಕಳಿಸುವುದರಲ್ಲಿ ಏನರ್ಥ? ಮುದ್ರೆಯನ್ನು ನಂಬುವುದಿಲ್ಲವೇ, ಬೇಡ, ಲೂಥರನನ್ನೇ ತೆಗೆದುಕೊ. ಮನುಷ್ಯ ಮಾಡುವ ಯಾವ ಸತ್ಕಾರ್ಯದಿಂದಲೂ ಅವನು ಉದ್ಧಾರವಾಗುವುದಿಲ್ಲ, ನಂಬಿಕೆಯಿಂದ ಮಾತ್ರ ಎಂದು ಅವನೇ ಹೇಳಲಿಲ್ಲವೇ? ತಪ್ಪೊಪ್ಪಿಗೆಯೂ ಒಂದು ಸತ್ಕಾರ್ಯವೇ ಆದ್ದರಿಂದ, ಒಪ್ಪಿಕೊಂಡು ತಾನು ದೊಡ್ಡವನಾಗಲು ಹೊರಡುವುದು ಒಂದು ನಮೂನೆಯ ಅಹಂಕಾರವೇ ಸರಿ. ಮೇಲಾಗಿ ಹುಡುಗನಿಗೆ ಬೇಕಾದದ್ದು ಅಕ್ಟೋಬರಿನ ಪರೀಕ್ಷೆ. ಅದು ಕ್ಷಮಾಪತ್ರದಿಂದಲೂ ಸಿಗುತ್ತದೆ. ಮಠವೂ ಜರ್ಮನಿಯೂ ಕೂಡಿ ತನ್ನನ್ನು ಇಷ್ಟು ಸಲೀಸಾಗಿ ಬಿಟ್ಟುಬಿಟ್ಟದ್ದಕ್ಕೆ ರಘೋತ್ತಮನಿಗೆ ಸಮಾಧಾನವಾಗಬೇಕಾಗಿತ್ತು. ಆಗಲಿಲ್ಲ. ತನ್ನ ಮೇಲೆ ಅವನಿಗೆ ಹೇಸಿಕೆಯಾಯಿತು, ಆ ಹೇಸಿಕೆಯಲ್ಲಿಯೇ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದ. ಹರಿಯಲು ಮಾತ್ರ ಮನಸ್ಸು ಬರಲಿಲ್ಲ. ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ.

ಎರಡನೆಯ ಹಾಳೆ ಬಲು ಬೇಗ ಮುಗಿಯಿತು. ಎಳೆಯ ವಯಸ್ಸಿನ ತಪ್ಪೆಂದು ಭಾವಿಸಿ ಸದರ ವಿದ್ಯಾರ್ಥಿಯನ್ನು ನಾನು ಮನಃಪೂರ್ವಕ ಕ್ಷಮಿಸಿದ್ದೇನೆ. ಸಹಿ. ನಿಜಗುಣಪ್ಪ ನಿಂತಲ್ಲೇ ಅದನ್ನು ಎರಡು ಸಲ ಓದಿದ. ಎರಡನೆಯ ಸಲ ಓದುವಾಗ, ಕೆಳಗೆ ಇನ್ನೇನಾದರೂ ಇದೆಯೇನೋ ಎಂಬಂತೆ ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದ. ಆಮೇಲೆ ಲಕೋಟೆಯೊಳಗೆ ಇಟ್ಟು, "ಉಪಕಾರ ಆತ್ರಿ ಸರ," ಎಂದು ಬಗ್ಗಿ ಕಾಲು ಮುಟ್ಟಿದ. ಎಬ್ಬಿಸಲು ಹೋದ ರಘೋತ್ತಮನ ತೋಳು ಅಂಗಿಗೆ ತಿಕ್ಕಿ ಪ್ರಾಣ ಹೋದಂತಾಯಿತು.

ಮರುದಿನ ದ್ವಾದಶಿ. ಬೆಳಗ್ಗೆ ಬೇಗ ಪಾರಣೆ ಮಾಡಿ, ಅದೇ ಅಂಗಿ ಹಾಕಿಕೊಂಡು ರಘೋತ್ತಮ ವರ್ಗಕ್ಕೆ ಬಂದ. ಅಂಗಿ ನೋಡಿ ಅರವತ್ತು ಹುಡುಗರು ಪೆನ್ನು ತೆಗೆದರು. ಮೊದಲನೆಯ ಬೆಂಚಿನಲ್ಲಿ, ತನಗಿಂತ ಚಿಕ್ಕವರ ನಡುವೆ, ನಿಜಗುಣಪ್ಪ ಹೊಸ ನೋಟುಬುಕ್ಕು ತೆರೆದು ಕೂತಿದ್ದ. ಮಳೆ ಬಾರದೆ ಗಾಳಿ ನಿಂತುಹೋಗಿತ್ತು. ಕ್ಷಮೆಯನ್ನು ಕಾಗದದ ಮೇಲೆ ಬರೆದು ಕೊಡಲು ಬರುವುದಿಲ್ಲ ಎಂಬಲ್ಲಿಗೆ ಬರುವಾಗ ರಘೋತ್ತಮನ ಹಣೆಯಿಂದ ಬೆವರು ಕಣ್ಣಿಗೆ ಇಳಿಯುತ್ತಿತ್ತು. ಕೈ ಜೇಬಿಗೆ ಹೋಯಿತು. ಬೆರಳಿಗೆ ಕರವಸ್ತ್ರ ಸಿಕ್ಕಿತು, ಅದರ ಜೊತೆಗೆ ನಾಲ್ಕು ಮಡಿಕೆಯ ಕಾಗದವೂ ಸಿಕ್ಕಿತು. ಕೈ ಅಲ್ಲಿಯೇ ನಿಂತಿತು. ನಿಜಗುಣಪ್ಪ ಆ ಕೈಯನ್ನು ನೋಡುತ್ತಿದ್ದ. ರಘೋತ್ತಮ ಬರಿಗೈ ಹೊರಗೆ ತೆಗೆದು, ಬೆವರನ್ನು ಹಾಗೆಯೇ ಬಿಟ್ಟು, ಬರೆಸುತ್ತ ಹೋದ. ಶಾಲೆಗಳು ತೆರೆದವು. ಸನ್ಯಾಸಿಗಳು ಮದುವೆಯಾದರು. ಆಗ ನಿಜಗುಣಪ್ಪ ಎದ್ದು, ತನ್ನ ಕರವಸ್ತ್ರವನ್ನು ಮುಂದೆ ಚಾಚಿ, "ಸರ…" ಎಂದ.

ಏಪ್ರಿಲ್ಲಿನಲ್ಲಿ ಚಾಚಿದ್ದು ಇದೇ ಕೈ, ಅಂದದ್ದು ಇದೇ ಮಾತು. ರಘೋತ್ತಮ ಈ ಸಲ ತೆಗೆದುಕೊಂಡ. ಮುಖ ಒರೆಸಿಕೊಂಡ. ಕರವಸ್ತ್ರಕ್ಕೆ ಮನೋಳಿಯ ಬಸ್ಸಿನ ಧೂಳಿನ ವಾಸನೆಯಿತ್ತು. ನಂತರ ಕಿಟಕಿಯ ಹತ್ತಿರ ಹೋಗಿ, ಬೆನ್ನ ಹಿಂದೆ ಕೈಕಟ್ಟಿ, ಕಡೆಯ ವಾಕ್ಯವನ್ನು ಹೇಳಿದ. ಚಕ್ರವರ್ತಿಯ ಸಭೆಯಲ್ಲಿ, ಪ್ರಾಣದ ಭಯವಿದ್ದಾಗಲೂ, ಲೂಥರನು ಬರೆದದ್ದು ನನ್ನದೇ ಎಂದು ಒಪ್ಪಿ. ಅಷ್ಟಕ್ಕೆ ದನಿ ನಿಂತಿತು. ಅರವತ್ತು ಪೆನ್ನುಗಳು ಒಪ್ಪಿ ಎಂದು ಬರೆದು ಕಾದವು. ಕಿಟಕಿಯ ಆಚೆ ಮಾರುಕಟ್ಟೆಗೆ ಹೋಗುವ ಚಕ್ಕಡಿಯೊಂದು ದಾಟಿಹೋಯಿತು. "ಮುಂದ, ಸರ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಆ ವಾಕ್ಯ ಬ್ಯಾಡ," ಎಂದ ರಘೋತ್ತಮ, ತಿರುಗದೆ. "ಪರೀಕ್ಷಾಕ್ಕ ಬರೋದಿಲ್ಲ ಅದು. ಹೊಡದ ಹಾಕ್ರಿ."

ಪೆನ್ನುಗಳು ಕಾಗದದ ಮೇಲೆ ಪರಪರ ಸದ್ದು ಮಾಡಿದವು. ಸದ್ದು ನಿಂತ ಮೇಲೆ ರಘೋತ್ತಮ ತಿರುಗಿ ನೋಡಿದ. ಎಲ್ಲರದೂ ಮುಗಿದಿತ್ತು. ಮೊದಲನೆಯ ಬೆಂಚಿನಲ್ಲಿ ನಿಜಗುಣಪ್ಪ ಒಬ್ಬನೇ ಇನ್ನೂ ಹಾಳೆಯ ಮೇಲೆ ಬಗ್ಗಿದ್ದ. ಸರ್ ಹೇಳಿದ್ದನ್ನು ಯಾವತ್ತೂ ಅಚ್ಚುಕಟ್ಟಾಗಿ ಮಾಡುವವನು, ಸ್ಕೇಲು ಇಟ್ಟು, ಆ ವಾಕ್ಯದ ಮೇಲೆ ಸೀದಾ ಒಂದು ಗೆರೆ ಎಳೆಯುತ್ತಿದ್ದ.